ಪೆರೋಲ್

ಸ್ಕಾಟ್ಲೆಂಡಿನ ಅಂಚಿನ ನಮ್ಮೂರ ಮ್ಯೂಸಿಯಮ್ಮಿನಲ್ಲಿ
ಗಾಜಿನಡಿ ಒಂದು ಕಾಗದ.
ವಾರಕ್ಕೆ ಮೂರು ದಿನ ಅದರ ಧೂಳೊರೆಸುವವಳು ನಾನು.
ಸಾವಿರದ ಎಂಟುನೂರ ಹನ್ನೆರಡು. ಅಚ್ಚಿನ ಸಾಲು, ಖಾಲಿ ಬಿಟ್ಟಲ್ಲಿ ಶಾಯಿ:
ಆನ್ಸೆಲ್ಮ್ ಕೆರ್ವಾದೆಕ್, ಲೆಫ್ಟಿನೆಂಟ್, ಫ್ರೆಂಚ್ ಸೆರೆಯಾಳು,
ಮೈಲುಗಲ್ಲು ದಾಟುವುದಿಲ್ಲವೆಂದು, ಸಂಜೆಯ ಗಂಟೆಗೆ ಒಳಗಿರುವೆನೆಂದು
ಮಾತು ಕೊಟ್ಟಿದ್ದಾನೆ.

ಪೆರೋಲ್ ಎಂದರೆ ಅವನ ಕಡೆ ಬರೀ ಮಾತು.
ಕೂಸು ತೊದಲುವುದೂ ಅದೇ,
ಸಾಯುವವನ ಗಂಟಲಲ್ಲಿ ನಿಲ್ಲುವುದೂ ಅದೇ.
ಕತ್ತಿ ಕಸಿದುಕೊಂಡ ಮೇಲೆ ಇನ್ನೇನು ಕೊಟ್ಟಾನು?
ಭಾಷೆ ಕೊಟ್ಟ.
ಯುದ್ಧ ಅದನ್ನು ಬೀಗ ಮಾಡಿಕೊಂಡಿತು;
ಆಮೇಲೆ ಬಂದ ಕೋರ್ಟು
ಅದಕ್ಕೆ ನಮೂನೆ, ಮೊಹರು, ಕಲಮುಗಳನ್ನು ಹೊಲಿಯಿತು.

ಎಲ್ಲರ ಮಾತೂ ಮಾತಲ್ಲ, ಅದನ್ನೂ ಹೇಳಬೇಕು.
ಅಧಿಕಾರಿ ಕೊಟ್ಟರೆ ಬಾಡಿಗೆ ಕೋಣೆ, ಬೆಳಗಿನ ತಿರುಗಾಟ.
ಅವನ ತೋಪು ಎಳೆದವರು, ಕುದುರೆ ತೊಳೆದವರು
ಕೊಳೆತ ಹಡಗಿನ ಹೊಟ್ಟೆಯಲ್ಲಿ.
ಅವರನ್ನು ಯಾರೂ ಕೇಳಲೇ ಇಲ್ಲ.

ಅವನಿಗೆ ಕೋಣೆ ಕೊಟ್ಟಿದ್ದ ಎಫೀ ಟರ್ನ್‌ಬುಲ್ ಫೆಬ್ರವರಿಯಲ್ಲಿ ಸತ್ತಳು.
ಸ್ಮಶಾನ ಮೈಲುಗಲ್ಲಿಗಿಂತ ನಲವತ್ತು ಹೆಜ್ಜೆ ಆಚೆ.
ಹೆಗಲು ಕೊಟ್ಟ. ಕಲ್ಲಿನ ತನಕ ಹೊತ್ತ.
ಅಲ್ಲಿ ನಿಂತ. ಬೇರೆ ಹೆಗಲು ಬಂತು.
ಟೋಪಿ ಕೈಯಲ್ಲಿ, ಆಲಿಕಲ್ಲು ತಲೆಯ ಮೇಲೆ,
ಮಣ್ಣು ಬೀಳುವ ಸದ್ದನ್ನು ಈಚೆಯಿಂದಲೇ ಎಣಿಸಿದನಂತೆ.

ಮರುದಿನ ನೋಡಿದರೆ ಮೈಲುಗಲ್ಲು
ಸ್ಮಶಾನದ ಗೋಡೆಗೆ ಒರಗಿ ನಿಂತಿದೆ!
ಕಿತ್ತವರು ಯಾರೆಂದು ಊರು ಬಾಯಿ ಬಿಡಲಿಲ್ಲ.
ಸೆರೆಯಾಳುಗಳ ಲೆಕ್ಕವಿಡುವ ಏಜೆಂಟು
ತನ್ನ ಉಗುರಿನ ಮಣ್ಣು ಕೆರೆಯುತ್ತ
"ಎಲ್ಲ ಸರಿಯಿದೆ" ಎಂದು ಬರೆದ.
ಇದಕ್ಕೆ ಗಾಜಿನಡಿ ಪುರಾವೆಯಿಲ್ಲ.
ನನ್ನಜ್ಜಿಯ ಮಾತಷ್ಟೆ.

ತಮ್ಮ ಡೂಗಲ್ ಈಗ ಅದೇ ಶಬ್ದದ ಮೇಲೆ ಹೊರಗಿದ್ದಾನೆ.
ಹನ್ನೊಂದು ವರ್ಷದಲ್ಲಿ ನಾಲ್ಕು ಇನ್ನೂ ಬಾಕಿ.
ಮಾತು ಕೊಡು ಎಂದರು, ಕೊಟ್ಟ;
ಕೊಟ್ಟ ಮೇಲೆ ನಂಬದೆ ಕಾಲಿಗೆ ಕಪ್ಪು ಪಟ್ಟಿ ಕಟ್ಟಿದರು.
ಆ ಪಟ್ಟಿಯ ಗಡಿ ಕಣ್ಣಿಗೆ ಕಾಣದು.
ರಾತ್ರೋರಾತ್ರಿ ಗುದ್ದಲಿ ಹಿಡಿದು ಹೋಗೋಣವೆಂದರೆ
ಅಗೆಯುವುದು ಎಲ್ಲಿ?

ಮೊನ್ನೆ ಮ್ಯೂಸಿಯಮ್ಮಿಗೆ ಬಂದ.
ಗಾಜಿನ ಮೇಲೆ ಬೆರಳಾಡಿಸಿ, ತುಟಿ ಅಲುಗಿಸಿ ಓದಿದ.
"ಇವನಿಗೆ ಪಟ್ಟಿ ಇರಲಿಲ್ಲವಾ?"
ಇರಲಿಲ್ಲ.
"ಮತ್ತೆ ಯಾಕೆ ನಿಂತ?"
ಒರೆಸುವ ಬಟ್ಟೆ ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.

ಇನ್ನೊಂದು ಅರ್ಥವಿದೆ, ಅದನ್ನಷ್ಟೇ ಹೇಳಿಕೊಟ್ಟೆ:
ಇರುಳ ಪಹರೆಯ ಅಧಿಕಾರಿಗಳ ಕಿವಿಯಲ್ಲಿ ಉಸುರುವ
ಆ ದಿನದ ಗುಟ್ಟು ಪದ, ಅದೂ ಪೆರೋಲೇ.
ತಪ್ಪಿದರೆ ಗುಂಡು.

ಅಂದಿನಿಂದ ಏಳು ಹೊಡೆಯಲು ಐದು ನಿಮಿಷವಿರುವಾಗ
ಬಾಗಿಲು ತಟ್ಟುತ್ತಾನೆ. ಯಾರದು ಎನ್ನುತ್ತೇನೆ.
ಸೋಮವಾರ "ಉಪ್ಪುಮೀನು." ಮಂಗಳವಾರ "ನಲವತ್ತು ಹೆಜ್ಜೆ."
ಇವತ್ತು ಬಸ್ಸು ತಡವಾಗಿ ಓಡಿ ಬಂದಿದ್ದಾನೆ, ಏದುಸಿರು.
ಬಾಗಿಲಾಚೆ ತುಸು ಹೊತ್ತು ಪದಕ್ಕೆ ತಡಕಾಡಿ
"ನಾನೇ" ಅಂದ.
ಚಿಲಕ ತೆಗೆದೆ.