ಯಾರ ಪೈಕಿ

ಬಸ್ಸು ನನ್ನನ್ನಿಳಿಸಿ ತಿರುವಿನಲ್ಲಿ ಮರೆಯಾಯಿತು.
ಸೋಚಾ ನದಿ ಇಷ್ಟು ನೀಲಿಯಾಗಿರಬಾರದಿತ್ತು,
ಅಷ್ಟೊಂದು ಗಂಡಸರು ಸತ್ತ ಕಣಿವೆಗೆ ಒಪ್ಪುವ ಬಣ್ಣವಲ್ಲ ಇದು
ಅಂದುಕೊಂಡೆ. ಅಂದುಕೊಂಡು ನಾಚಿದೆ.
ನದಿಗೆ ಸೂತಕ ಎಷ್ಟು ದಿನ?

ಯೆರ್ನೇಯ್ ಅಜ್ಜನ ಕೊಟ್ಟಿಗೆಯೇ ಇಲ್ಲಿಯ ಮ್ಯೂಸಿಯಂ.
ಹಸುಗಳನ್ನು ಮಾರಿದ ಮೇಲೆ ಗೋದಲಿ ತುಂಬ
ಉಳುವಾಗ ಸಿಕ್ಕ ಬಕಲುಗಳು, ಚಮಚಗಳು,
ಬಿರುಗೂದಲು ಉದುರಿದ ಒಂದು ಹಲ್ಲುಜ್ಜುವ ಬ್ರಶ್ಶು,
ಬೂಟಿನ ಅಟ್ಟೆ ಒಂಬತ್ತು, ಎಲ್ಲವೂ ಎಡಗಾಲಿನವು.
‘ಬಲಗಾಲಿನವು ಗುಡ್ಡದ ಆಚೆಯವರ ಹತ್ತಿರ ಇವೆ.’
ಅಜ್ಜನ ತಮಾಷೆ. ಮೊಮ್ಮಗಳು ನೇಜಾ
ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ನಗಲಿಲ್ಲ.
ಎಷ್ಟು ಬೇಸಿಗೆಗಳಿಂದ ತಿರುಗಿಸುತ್ತಿದ್ದಾಳೋ.

ಬಾಗಿಲ ಬಳಿ ದಪ್ಪ ರಿಜಿಸ್ಟರು. ಹೆಸರು, ಊರು,
ಮೂರನೆಯ ಕಾಲಮ್ಮಿನಲ್ಲಿ: ನಿಮ್ಮವರು ಯಾವ ಕಡೆ?

ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತ
ಕೇಳುತ್ತಾರಲ್ಲ, ಗಂಡಿನ ಕಡೆಯೋ ಹೆಣ್ಣಿನ ಕಡೆಯೋ,
ಯಾರ ಪೈಕಿ ತಾಯಿ ನೀವು?
ಯಾರ ಪೈಕಿಯೂ ಅಲ್ಲದೆ ಪಂಕ್ತಿಯಲ್ಲಿ ಕೂತುಬಿಟ್ಟವಳ
ಎಲೆಗೆ ಪಾಯಸ ಬಿದ್ದ ಹಾಗೆ
ಕಿವಿ ಬಿಸಿಯಾಯಿತು.
ನನ್ನ ಮೇಲಿನ ಸಾಲಿನಲ್ಲಿ ಯಾರೋ ಇಟಲಿಯವರು,
ನಡುಗುವ ಅಕ್ಷರ. ನೇಜಾ ಓದಿ ಹೇಳಿದಳು:
‘ತಾತ. ಇಲ್ಲೇ ಎಲ್ಲೋ.’
ನಾನೊಂದು ಅಡ್ಡಗೆರೆ ಎಳೆದೆ.

ಗುಡ್ಡ ಹತ್ತಿದೆ. ಬಂಡೆ ಕೊರೆದ ಕಂದಕ,
ಹಲ್ಲಿಗಳು, ಒಂದು ಬಿಸ್ಕತ್ತಿನ ಕಾಗದ.
ಸುರಂಗದಲ್ಲಿ ತಲೆ ತಾಗಿತು; ಅವರು ನನಗಿಂತ ಕುಳ್ಳರು.
ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದೆ.
ಹಸಿವಾಯಿತು.

ಇಳಿದು ಬಂದಾಗ ಅಜ್ಜ ಹಿತ್ತಲಲ್ಲಿ ಹುರುಳಿಕಾಯಿ ಕೊಯ್ಯುತ್ತಿದ್ದ.
ಬಳ್ಳಿ ಹಬ್ಬಿದ್ದು ತಿರುಪಿನ ಕಬ್ಬಿಣದ ಗೂಟಗಳಿಗೆ,
ಒಂದು ಕಾಲದಲ್ಲಿ ಮುಳ್ಳುತಂತಿ ಹಿಡಿದು ನಿಂತವು.
ನಿಮ್ಮವರು ಯಾವ ಕಡೆ ಇದ್ದರು ಅಜ್ಜ, ಅಂದೆ.
ಕೇಳಬಾರದಿತ್ತೇನೋ.

ಅವನು ಕಾಯಿಯ ನಾರು ತೆಗೆಯುತ್ತಲೇ ಹೇಳಿದ,
ನೇಜಾ ಚೂರುಚೂರಾಗಿ ಕೊಟ್ಟಳು:
ಅಮ್ಮನಿಗೆ ಏಳು ವರ್ಷ. ಮೊದಲ ವಾರವೇ ಓಡಿಸಿದರು,
ಒಂದು ಮೇಕೆಯ ಜೊತೆ. ತಿರುಗಿ ಬಂದಾಗ
ಬಾವಿ ಇತ್ತು, ಮನೆ ಇರಲಿಲ್ಲ.
‘ಈ ಹೊಲಕ್ಕಾಗಿ ಸತ್ತವರಲ್ಲಿ ಒಬ್ಬನಿಗೂ
ಇದರಲ್ಲಿ ಏನು ಬೆಳೆಯುತ್ತದೆಂದು ಗೊತ್ತಿರಲಿಲ್ಲ.’

ಮತ್ತೆ ಏನೋ ಅಂದ. ನೇಜಾ ಮೊದಲ ಸಲ ನಕ್ಕಳು.
‘ಗೂಟ ಅಲ್ಲಾಡುತ್ತಿದೆಯಂತೆ, ಹಿಡಿದುಕೋಬೇಕಂತೆ ನೀವು.’

ಹಿಡಿದೆ. ಅವನು ಕಲ್ಲಿನಿಂದ ಬಡಿದ,
ಒಂದು, ಎರಡು, ಹನ್ನೊಂದು ಏಟು.
ಅಂಗೈಯಿಂದ ದವಡೆಯ ತನಕ ಕಬ್ಬಿಣ ಗುಂಯ್‌ಗುಟ್ಟಿತು.

ಐದೂವರೆಯ ಬಸ್ಸು. ಚಿಲ್ಲರೆ ಎಣಿಸಿಕೊಳ್ಳುತ್ತಿದ್ದ ಡ್ರೈವರು
ನನ್ನ ಕೈ ನೋಡಿ, ಒಂದು ಕಾಗದದ ಟವೆಲ್ಲು ಕೊಟ್ಟ.
ರೇಖೆಗಳಲ್ಲೆಲ್ಲ ತುಕ್ಕು.
ಒರೆಸಿದಷ್ಟೂ ಕಾಗದಕ್ಕೆ ಹತ್ತುತ್ತಿತ್ತು,
ಕೈಯಲ್ಲೂ ಇತ್ತು.