ಡುಲೂತ್ ಶಾಖೆ

ಪಟ್ಟಿಯಲ್ಲಿ ನಲವತ್ತೊಂದು ಹೆಸರು.
ಕುರ್ಚಿ ಹದಿನಾಲ್ಕು ಸಾಕು ಅಂದೆ ಹೋಟೆಲಿನವನಿಗೆ.
ಹೋದ ವರ್ಷ ಇಪ್ಪತ್ತು ಹಾಕಿಸಿ
ಖಾಲಿ ತಟ್ಟೆಗೂ ದುಡ್ಡು ತೆತ್ತವಳು ನಾನು,
ಆರ್ಲಿಸ್ ಟೊಲೆಫ್ಸನ್: ಕಾರ್ಯದರ್ಶಿ, ಖಜಾಂಚಿ,
ಬಾಗಿಲಲ್ಲಿ ನಿಂತು ನಗುವವಳು,
ಕೊನೆಗೆ ಉಳಿದ ಪೈ ಕಟ್ಟಿಸಿಕೊಂಡು
ಒಬ್ಬಳೇ ಗುಡ್ಡ ಹತ್ತುವವಳು.

ಕಾಲೇಜು ಇರುವುದು ಎಂಟುನೂರು ಮೈಲಿ ಆಚೆ, ಒಹಾಯೋದಲ್ಲಿ.
ಅಲ್ಲಿಂದ ವರ್ಷಕ್ಕೊಂದು ಡಬ್ಬಿ ಬರುತ್ತದೆ:
ನೀಲಿ ಕರವಸ್ತ್ರ, ಬರೆಯದ ಪೆನ್ನು,
ಸಂತ ಆಸ್ವಿನ್ನನ ಮುಖವಿರುವ ಬಿಲ್ಲೆ,
ತಳದಲ್ಲೊಂದು ನಮೂನೆ.
ಬಂದವರೆಷ್ಟು, ಕೊಟ್ಟದ್ದೆಷ್ಟು, ಉತ್ಸಾಹವೆಷ್ಟು,
ಒಂದರಿಂದ ಐದರೊಳಗೆ ಗುರುತು ಹಾಕಿ.
ಉತ್ಸಾಹಕ್ಕೆ ನನ್ನದು ಯಾವತ್ತೂ ನಾಲ್ಕು.
ಐದು ಹಾಕಿದರೆ ನಂಬುವುದಿಲ್ಲ,
ಮೂರು ಹಾಕಿದರೆ ಯಾರನ್ನಾದರೂ ಕಳಿಸಿಬಿಡುತ್ತಾರೆ.

ಪಟ್ಟಿ ಒಂದು ವಿಚಿತ್ರ ಊರು.
ಅಲ್ಲಿ ಯಾರೂ ಮನೆ ಬದಲಿಸಿದ್ದು ಹೇಳುವುದಿಲ್ಲ,
ಮದುವೆ ಮುರಿದದ್ದು ಹೇಳುವುದಿಲ್ಲ,
ಸತ್ತದ್ದನ್ನಂತೂ ಹೇಳುವುದೇ ಇಲ್ಲ.
ಲಕೋಟೆ ವಾಪಸ್ಸು ಬಂದಾಗ
ಅಂಚೆಯವರ ಕೆಂಪು ಮುದ್ರೆಯಿಂದ ನನಗೆ ತಿಳಿಯಬೇಕು.
ಪ್ರಾಕ್ಟರಿನ ಗರ್ಹಾರ್ಡ್ ಹೋದದ್ದು ತಿಳಿದದ್ದೂ ಹಾಗೆಯೇ.
ಪೆನ್ಸಿಲಿನಲ್ಲಿ ಗೆರೆ ಎಳೆದೆ.
ಪೆನ್ನು ಹಿಡಿಯಲು ಕೈ ಬರಲಿಲ್ಲ.
ಮಿಕ್ಕವರು ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಅಕ್ಟೋಬರಿನ ಎರಡನೆಯ ಶನಿವಾರ.
ಕಿಟಕಿಯಾಚೆ ಸರೋವರ ಸೀಸದ ಬಣ್ಣ.
ಅದಿರು ತುಂಬಿದ ಹಡಗೊಂದು ಕೂಗಿತು,
ಒಂದು ಉದ್ದ, ಎರಡು ಗಿಡ್ಡ.
ಸೇತುವೆ ಮೇಲೇಳುತ್ತ
ಹಾಗೆಯೇ ಮಾರುತ್ತರ ಕೊಟ್ಟಿತು.
ಅಷ್ಟು ಹೊತ್ತು ಮೇಜಿನಲ್ಲಿ ಯಾರಿಗೂ ಮಾತಿಲ್ಲ.
ನಾನು ಈ ಸಲ ಬರೆದದ್ದು ನಲವತ್ತು ಪತ್ರ.
ಉತ್ತರ ಬಂದದ್ದು ಒಂಬತ್ತು.

ಆಗ ಬಾಗಿಲಲ್ಲಿ ಅವನು,
ಬೂಟು ಒರೆಸುತ್ತಾ, ಒರೆಸುತ್ತಲೇ.
ಕಿರಾಣಿ ಅಂಗಡಿಯ ಹಲಗೆಯಲ್ಲಿ ನೋಡಿದೆ ಅಂದ.
ಐನರ್ ಕಂಗಾಸ್. ಕೌಂಟಿಯ ಹಿಮ ಸರಿಸುವ ಗಾಡಿಯ ಚಾಲಕ.
ಎಪ್ಪತ್ತೊಂಬತ್ತರಲ್ಲಿ ಒಂದೇ ಸೆಮಿಸ್ಟರ್,
ಆಮೇಲೆ ದುಡ್ಡು ಮುಗಿಯಿತು
ಅಂದ, ಬಸ್ಸು ತಪ್ಪಿತು ಅನ್ನುವಷ್ಟು ಸಲೀಸಾಗಿ.

ಎದೆಗೆ ಅಂಟಿಸುವ ಚೀಟಿಯಲ್ಲಿ ಎರಡೇ ಗೆರೆ:
ಹೆಸರು. ಪದವಿ ಪಡೆದ ವರ್ಷ.
ನಮ್ಮ ಅಧ್ಯಕ್ಷರು ನಿವೃತ್ತ ದಂತವೈದ್ಯರು,
ನನ್ನ ಕಿವಿಯ ಹತ್ತಿರ ಬಾಗಿ
ನಿಯಮಾವಳಿ ಅಂದರು, ಹುಳುಕು ಹಲ್ಲು ಕಂಡವರಂತೆ.
ನಿಜ. ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಹೆಸರು ಬರೆದೆ. ಕೆಳಗಿನ ಗೆರೆಯನ್ನು
ಅಷ್ಟಕ್ಕೇ ಬಿಟ್ಟೆ.

ಊಟಕ್ಕೆ ಕೂತ ಮೇಲೆ ಮಾತು
ಪ್ರೊಫೆಸರುಗಳ ಕಡೆ ಹೊರಳಿತು, ಫುಟ್ಬಾಲಿನ ಕಡೆ,
ಈಗಿನ ಫೀಸಿನ ಕಡೆ.
ಅವನಿಗೆ ಗೊತ್ತಿದ್ದ ಪ್ರೊಫೆಸರು ಇಬ್ಬರೇ.
ಆದರೆ ಗ್ರಂಥಾಲಯದ ಮೂರನೆಯ ಮೆಟ್ಟಿಲು
ಕಿರ್ರೆನ್ನುತ್ತಿತ್ತಲ್ಲ ಅಂದ,
ಅಡುಗೆಯ ಡೆಲ್ಫೀನಮ್ಮ ಈರುಳ್ಳಿ ಹೆಚ್ಚುವಾಗ
ಬಾಯಲ್ಲಿ ಬೆಂಕಿಕಡ್ಡಿ ಕಚ್ಚಿಕೊಳ್ಳುತ್ತಿದ್ದಳು ಅಂದ.
ನಿನಗೆ ಹೇಗೆ ಗೊತ್ತು ಎಂದು ಯಾರೋ ಕೇಳಿದರು.

ಫೀಸಿಗೆ ಆಗಲೆಂದು ರಾತ್ರಿ ಕೆಲಸ, ಅಂದ.
ಉತ್ತರದ ಹಾಸ್ಟೆಲಿನ ನೆಲಮಾಳಿಗೆಯಲ್ಲಿ
ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದೆ.
ನಸುಕಿನ ನಾಲ್ಕಕ್ಕೆ ಉಗಿ ಏರಿ
ಕೊಳವೆಗಳು ಟಕಟಕ ಅನ್ನುತ್ತಿದ್ದವು, ನೆನಪಿದೆಯಾ?
ಆ ಸದ್ದು ಕೇಳಿದ ಮೇಲೆಯೇ ನಾನು ಕೂರುತ್ತಿದ್ದದ್ದು.

ನೆನಪಿದೆ.
ಎರಡನೆಯ ಮಹಡಿ, ಮೂಲೆಯ ಕೋಣೆ.
ಸದ್ದಿಗೆ ನಿದ್ದೆ ಹತ್ತುವುದಿಲ್ಲ ಎಂದು
ಆ ಚಳಿಗಾಲದಲ್ಲಿ ವಾರ್ಡನ್ನಿಗೆ ದೂರು ಬರೆದವಳು ನಾನೇ.
ಎರಡು ಪುಟ. ಒಳ್ಳೆಯ ಇಂಗ್ಲಿಷಿನಲ್ಲಿ.
ಅದನ್ನು ಹೇಳಲಿಲ್ಲ.
ಇನ್ನೊಂದು ತುಂಡು ಪೈ ಬಡಿಸಿದೆ.

ನಮೂನೆ ಇನ್ನೂ ಮೇಜಿನ ಮೇಲಿದೆ.
ಬಂದವರು ಹನ್ನೊಂದೋ ಹತ್ತೋ,
ಅಧ್ಯಕ್ಷರೊಡನೆ ಫೋನಿನಲ್ಲಿ ಜಗಳ ನಡೆಯುತ್ತಿದೆ.

ಈ ಸಲ ಉಳಿದದ್ದನ್ನು ನಾನು ತರಲಿಲ್ಲ,
ಅವನೇ ಕಟ್ಟಿಸಿಕೊಂಡ.
ನಾಳೆಯಿಂದ ರಾತ್ರಿ ಪಾಳಿಯಂತೆ,
ಮೊದಲ ಹಿಮ ಬೇಗ ಬೀಳಬಹುದಂತೆ.
ಗುಡ್ಡದ ಮೇಲಿನ ರಸ್ತೆಯೂ ಅವನದೇ.