ಇದು ಕವಳವಲ್ಲ

ಮೊದಲು ಅನುಮಾನ ಬಂದದ್ದು ಗಿಡ್ಡಪ್ಪನ ಮೇಲೆ.
ಹೊಸನಗರದ ನೋಂದಣಿ ಕಚೇರಿ ಎದುರು
ದಿನವೂ ಕಾರು ನಿಲ್ಲಿಸುವ ಜಾಗದಲ್ಲಿ
ದಿನವೂ ಒಂದು ಕೆಂಪು ಕಲೆ,
ಮೊದಮೊದಲು ರೂಪಾಯಿಯಗಲ, ಆಮೇಲೆ ಅಂಗೈಯಗಲ.
ಝೆರಾಕ್ಸ್ ಅಂಗಡಿಯ ಗಿಡ್ಡಪ್ಪನ ಬಾಯಿ
ಬೆಳಗಿಂದ ಬೈಗಿನವರೆಗೆ ಖಾಲಿ ಇದ್ದದ್ದನ್ನು ಕಂಡವರಿಲ್ಲ.
"ಉಗಿಯೋಕೆ ನನ್ನ ಗಾಡಿಯೇ ಬೇಕಿತ್ತಾ ನಿಮಗೆ?"
ಪತ್ರ ಬರೆಯುವ ವಾರಿಜಾಕ್ಷಿ ಕೇಳಿದರಂತೆ
ಹತ್ತು ಜನರ ಎದುರು.
ಬಾಯಿ ತುಂಬಿದ್ದ ಗಿಡ್ಡಪ್ಪ
ಇಲ್ಲ ಎನ್ನಲೂ ಆಗದೆ ತಲೆ ಅಲ್ಲಾಡಿಸಿದನಂತೆ.

ನಾನು ಕಂಡದ್ದು ಮೂರನೇ ವಾರ,
ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ನನ್ನ ಶೆಡ್ಡಿನಲ್ಲಿ.
ಗೇರು ಬೀಳುವಾಗ ತೂಕಡಿಸಿದ ಹಾಗೆ ತಡೆದು
ಆಮೇಲೆ ಎಗರುತ್ತದೆ, ಎಂದರು.
ಅಡಿಗೆ ನುಸುಳಿ, ಬೆರಳಿಗೆ ಹಚ್ಚಿ ಮೂಸಿದೆ.
ಸುಣ್ಣವಿಲ್ಲ, ಹೊಗೆಸೊಪ್ಪಿಲ್ಲ.
ಜಾರುತ್ತದೆ, ಒಂಚೂರು ಸೀದ ವಾಸನೆ.
"ಮೇಡಂ, ಇದು ಕವಳವಲ್ಲ.
ಗೇರ್‌ಬಾಕ್ಸಿನ ಎಣ್ಣೆ."
ಅವರು ನಗಲಿಲ್ಲ.
ಎಡಗಾಲಿನ ಕ್ಯಾಲಿಪರ್ ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತರು.
ಕ್ಲಚ್ ಒತ್ತುವ ಬಲ ಆ ಕಾಲಿಂದ
ಎರಡನೇ ವಯಸ್ಸಿಗೇ ಹೋಗಿದೆ.
ಹಾಗಾಗಿ ಈ ಕ್ಲಚ್ಚಿಲ್ಲದ ಗಾಡಿ, ಸೆಕೆಂಡ್ ಹ್ಯಾಂಡು.
"ಎಷ್ಟಾಗುತ್ತೆ?" ಎಂದರು.
ದುಡ್ಡು ಅಂದುಕೊಂಡೆ.
"ಎಷ್ಟು ದಿನ ಆಗುತ್ತೆ?"

ಸೋರಿಕೆ ಸುಳ್ಳು ಹೇಳುತ್ತದೆ.
ಮೇಲೆಲ್ಲೋ ಪೈಪಿನ ಕೊರಳಲ್ಲಿ ಹುಟ್ಟಿ
ತಳದ ಟ್ರೇ ಅಂಚಿಗೆ ಹರಿದುಬಂದು ತೊಟ್ಟಿಕ್ಕಿ
ಟ್ರೇಗೆ ಕೆಟ್ಟ ಹೆಸರು ತರುತ್ತದೆ.
ಅದಕ್ಕೇ ಮೊದಲು ಹೊಟ್ಟೆಯಡಿಯೆಲ್ಲ ತೊಳೆದು, ಒರೆಸಿ,
ಮಗುವಿಗೆ ಹಚ್ಚುವ ಪೌಡರ್ ಉದುರಿಸಿ
ಆಯನೂರಿನವರೆಗೆ ಓಡಿಸಿಕೊಂಡು ಬಂದೆ.
ಪೈಪು ಬೆಳ್ಳಗೇ ಇತ್ತು.
ಟ್ರೇಯ ಹಿಂದಿನ ಮೂಲೆ, ಎರಡು ಬೋಲ್ಟಿನ ನಡುವೆ,
ಪೌಡರಿನ ಮೇಲೊಂದು ಕೆಂಪು ಗೆರೆ.

ಟ್ರೇಯನ್ನು ಒಂದು ಕಡೆಯಿಂದ ಸಡಿಲಿಸುತ್ತ
ಓರೆಯಾಗಿ ಇಳಿಸಬೇಕು. ಇಲ್ಲವಾದರೆ
ನಾಲ್ಕು ಲೀಟರ್ ಮುಖಕ್ಕೇ.
ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ.
ಒಳಗೆ ಅಯಸ್ಕಾಂತಕ್ಕೆ ಮೆತ್ತಿದ ಬೂದು ಹಿಟ್ಟು,
ಬೆರಳಿಗೆ ಚುಚ್ಚಲಿಲ್ಲ. ಸದ್ಯ.
ಚೂರುಗಳು ಸಿಕ್ಕಿದ್ದರೆ ಬೇರೆಯೇ ಮಾತಾಡಬೇಕಿತ್ತು.

ತಪ್ಪು ಸಿಕ್ಕಿತು: ಯಾರೋ ಬಹಳ ಕಾಳಜಿಯಿಂದ ಬಿಗಿದಿದ್ದಾರೆ.
ಸೋರಿದಾಗಲೆಲ್ಲ ಇನ್ನೊಂದು ಸುತ್ತು,
ಅದರ ಮೇಲೊಂದು, ಸಂದಿಗೆಲ್ಲ ಸಿಲಿಕಾನ್ ಮೆತ್ತಿ.
ಗ್ಯಾಸ್ಕೆಟ್ಟು ಹಿಂಡಿಕೊಂಡು ಹೊರಬಂದಿದೆ,
ತಗಡಿನ ಅಂಚು ಬೋಲ್ಟಿದ್ದಲ್ಲೆಲ್ಲ ಗುಳಿಬಿದ್ದು
ನಡುನಡುವೆ ಉಬ್ಬಿ,
ಬಿಗಿದಷ್ಟೂ ಬಾಯಿ ತೆರೆದಿದೆ.

ಭದ್ರಾವತಿ ಕಾರ್ಖಾನೆಯ ಫಿಟ್ಟರ್ ಸೆಲ್ವರಾಜಣ್ಣ,
ನನಗೆ ಸ್ಪ್ಯಾನರ್ ಹಿಡಿಸಿದವನು, ಹೇಳುತ್ತಿದ್ದ:
"ತಿರುಗಿಸೋದು ಮಂಗನಿಗೂ ಬರುತ್ತೆ ಕಣೋ ಜಬೀ,
ಕೈ ನಿಲ್ಲಿಸೋದು ಕಲಿ."
ಹಲಸಿನ ಹಲಗೆಯ ಮೇಲೆ ಅಂಚು ಮಲಗಿಸಿ
ಸಣ್ಣ ಸುತ್ತಿಗೆಯಲ್ಲಿ ಒಂದೊಂದೇ ಗುಳಿ ಎಬ್ಬಿಸಿದೆ.
ಹಳೇ ಅಂಟು ಕೆರೆದೆ, ಬ್ಲೇಡಿನಲ್ಲಲ್ಲ, ಮರದ ಚಕ್ಕೆಯಲ್ಲಿ.
ಹೊಸ ಗ್ಯಾಸ್ಕೆಟ್ಟು, ಅಂಟಿಲ್ಲದೆ, ಒಣದಾಗಿ.
ಹದಿನಾರು ಬೋಲ್ಟು: ಮೊದಲು ಬರೀ ಬೆರಳಲ್ಲಿ,
ಆಮೇಲೆ ಈ ಮೂಲೆಯಿಂದ ಎದುರು ಮೂಲೆಗೆ,
ಟಾರ್ಕ್ ರೆಂಚು ಹತ್ತಕ್ಕಿಟ್ಟು.
ಟಕ್ ಎಂದ ಕೂಡಲೇ ನಿಲ್ಲಬೇಕು.
ತೋಳು ಕೇಳುವುದಿಲ್ಲ.
ಇನ್ನೊಂಚೂರು, ಇನ್ನೊಂಚೂರು ಎನ್ನುತ್ತದೆ.
ಇಪ್ಪತ್ತೆರಡು ವರ್ಷವಾಯಿತು, ಇನ್ನೂ ಎನ್ನುತ್ತದೆ.

ಎಣ್ಣೆ ತುಂಬಿ, ಇಂಜಿನ್ ಬಿಸಿಮಾಡಿ,
ಪ್ರತಿ ಗೇರಿನಲ್ಲೂ ಒಂದು ಉಸಿರು ನಿಂತು,
ಅಳತೆಕಡ್ಡಿ ಎರಡು ಸಲ ಒರೆಸಿ ನೋಡಿ,
ರಾತ್ರಿ ಗಾಡಿಯಡಿಗೆ ರಟ್ಟು ಹಾಸಿದೆ.

ಬೆಳಿಗ್ಗೆ ಮೊದಲ ಬಸ್ಸಿಗೇ ಬಂದಿಳಿದಿದ್ದರು ವಾರಿಜಾಕ್ಷಿ.
ರಟ್ಟು ಎಳೆದೆ.
ಅಂಚಿನಲ್ಲಿ ಒಂದು ಕೆಂಪು ಚುಕ್ಕೆ.
ಅವರು ನನ್ನ ಮುಖ ನೋಡಿದರು, ನಾನು ಬೋಲ್ಟುಗಳನ್ನು.
ಬೆರಳಿಗೆ ಹಚ್ಚಿ ಮೂಸಿದೆ.
ಸುಣ್ಣ. ಹೊಗೆಸೊಪ್ಪು.
ಮೂಲೆಯಲ್ಲಿ ನಮ್ಮ ಹುಡುಗ ಪರಮೇಶಿ
ಗೋಡೆ ಕಡೆ ತಿರುಗಿ ಬಾಯಿ ಒರೆಸಿಕೊಳ್ಳುತ್ತಿದ್ದ.

"ಏನದು?"
"ಕವಳ," ಎಂದೆ.

ಈ ಸಲ ನಕ್ಕರು, ಸ್ಟೂಲು ಹಿಡಿದುಕೊಂಡು.
ಆಮೇಲೆ ಬೀಗದಕೈ ಇಸಕೊಳ್ಳುತ್ತ:
"ಕ್ರಯಪತ್ರ, ಭೋಗ್ಯಪತ್ರ, ದಾನಪತ್ರ
ಎಲ್ಲಾ ಬರುತ್ತೆ ನನಗೆ.
ಗಿಡ್ಡಪ್ಪನಿಗೆ ಏನಂತ ಬರೀಲಿ, ಹೇಳಿ?"